ಮಳೆಗೆ ಮೊದಲು ಬಾತುಕೋಳಿ ಗೂಡಿಗೆ ನೀರು ಹರಿಯಲು ಒಂದು ಕಣಿ ತೆಗೆ

ಬ್ರಹ್ಮಾವರ, ಮೇ 16

ಪ್ರೀತಿಯ ಮಗನಿಗೆ ದೊಡ್ಡಮ್ಮನ ಆಶೀರ್ವಾದ.

ನೀನು ಕಳಿಸಿದ ಫೋಟೋ ನೋಡಿದೆ. ಬಾತುಕೋಳಿಗಳು ಚೆನ್ನಾಗಿವೆ. ಆದರೆ ಅವು ನಿಂತ ಜಾಗ ನೋಡಿ ಸಮಾಧಾನ ಆಗಲಿಲ್ಲ. ಬೇಸಿಗೆಯಲ್ಲೇ ಇಷ್ಟು ಕೆಸರಾದರೆ ಆಟಿ ತಿಂಗಳ ಜೋರು ಮಳೆಯಲ್ಲಿ ಏನು ಗತಿ? ಪತ್ತನಾಜೆಗೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನಕ್ಕೆ, ಹತ್ತು ಹನಿಯಾದರೂ ಬೀಳಬೇಕು ಅನ್ನುತ್ತಾರೆ. ಅಷ್ಟರೊಳಗೆ ಈ ಕೆಲಸ ಮುಗಿಸು.

ಕೆಸರಿನ ಮೇಲೆ ಮಣ್ಣು ಹಾಕುತ್ತಿದ್ದೇನೆ ಅಂತ ಬರೆದಿದ್ದೀ. ಅದು ಬೇಡ ಮಗಾ. ಆ ಮಣ್ಣೂ ನೀರು ಕುಡಿದು ಕೆಸರೇ ಆಗುತ್ತದೆ. ನೀರು ಎಲ್ಲಿ ಬೀಳಬೇಕು, ಬಿದ್ದದ್ದು ಎಲ್ಲಿಗೆ ಹೋಗಬೇಕು ಅಂತ ಮೊದಲು ನೋಡು. ನಾಲ್ಕು ಮೂಲೆಯಲ್ಲಿ ನಾಲ್ಕು ಬೋಗುಣಿ ಇಟ್ಟಿದ್ದೀಯಲ್ಲ, ಅದಕ್ಕೇ ನಾಲ್ಕೂ ಕಡೆ ರಾಡಿ.

ಬಾತು ತಿನ್ನುವುದನ್ನು ಸ್ವಲ್ಪ ಹೊತ್ತು ಕೂತು ನೋಡು. ಒಂದು ಬಾಯಿ ಹಿಂಡಿ ತಿನ್ನುತ್ತದೆ, ಓಡಿ ಹೋಗಿ ನೀರಲ್ಲಿ ಕೊಕ್ಕು ಅದ್ದುತ್ತದೆ, ತಲೆ ಕೊಡವುತ್ತದೆ. ಸುತ್ತ ನೀರು, ಹಿಂಡಿ ಎಲ್ಲ ಸಿಡಿಯುತ್ತದೆ. ಆಮೇಲೆ ಅದೇ ಒದ್ದೆ ಮಣ್ಣಿಗೆ ಕೊಕ್ಕು ಚುಚ್ಚಿ ಚುಚ್ಚಿ ಗುಂಡಿ ಮಾಡುತ್ತದೆ. ಅದು ಅದರ ಗುಣ, ಬಿಡಿಸಲು ಆಗುವುದಿಲ್ಲ. ನೀರು ಕಡಿಮೆ ಮಾಡಲೂಬಾರದು. ಈಜಲು ಕೆರೆ ಬೇಕಂತಿಲ್ಲ, ಆದರೆ ಪೂರ್ತಿ ತಲೆ ಮುಳುಗುವಷ್ಟು, ಐದಾರು ಇಂಚು ಆಳದ ನೀರು ಬೇಕೇ ಬೇಕು. ಇಲ್ಲದಿದ್ದರೆ ಮೂಗು ಕಟ್ಟಿ ಕಣ್ಣಿಗೆ ಪಿಸುರು ಬರುತ್ತದೆ.

ಹಾಗಾಗಿ ನೀರು ಒಂದೇ ಕಡೆ ಇಡು, ಅಂಗಳದ ತಗ್ಗಿನ ಮೂಲೆಯಲ್ಲಿ. ಅಲ್ಲಿ ಮೊಣಕಾಲಷ್ಟು ಗುಂಡಿ ತೋಡಿ ಜಲ್ಲಿ ತುಂಬು. ಮೇಲೆ ಅಡಿಕೆ ಮರ ಸೀಳಿದ ಸಲಾಕೆ ಹಾಸು, ಅದರ ಮೇಲೆ ಬೋಗುಣಿ. ಸಲಾಕೆಗಳ ನಡುವೆ ಅರ್ಧ ಇಂಚು ಸಂದು ಸಾಕು, ಜಾಸ್ತಿಯಾದರೆ ಕಾಲು ಸಿಕ್ಕಿಕೊಳ್ಳುತ್ತದೆ. ಸಿಬಿರನ್ನೆಲ್ಲ ಕತ್ತಿಯಲ್ಲಿ ಹೆರೆದು ತೆಗೆ. ಬಾತಿನ ಅಂಗಾಲು ಬಹಳ ಮೆದು. ಸಿಬಿರು ಚುಚ್ಚಿ, ಮೇಲೆ ಕೆಸರಲ್ಲೇ ನಿಂತರೆ ಅಂಗಾಲು ಊದಿ ನಡುವೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಆಮೇಲೆ ಕುಂಟುತ್ತದೆ. ಅದನ್ನು ವಾಸಿ ಮಾಡುವುದು ಸುಲಭವಿಲ್ಲ. ಜಲ್ಲಿಯನ್ನು ಬರಿದೇ ನೆಲಕ್ಕೆ ಹಾಸಬೇಡ ಅನ್ನುವುದೂ ಇದಕ್ಕೇ.

ಗುಂಡಿಯಿಂದ ಒಂದು ಕಣಿ ತೆಗೆದು ಬಾಳೆ, ತೆಂಗಿನ ಬುಡಕ್ಕೆ ಬಿಡು. ಅದು ಒಳ್ಳೆ ಗೊಬ್ಬರದ ನೀರು, ಸುಮ್ನೆ ಚರಂಡಿಗೆ ಹೋಗಬಾರದು. ಬಸಳೆಗೆ ಮಾತ್ರ ಬೇಡ, ಎಲೆಗೆ ಸಿಡಿದದ್ದನ್ನು ನಾವೇ ತಿನ್ನುವುದು ಅಲ್ವಾ? ಗೂಡಿನ ಮೇಲಿನ ಬದಿಗೆ ಇನ್ನೊಂದು ಕಣಿ ಬೇಕು, ಗುಡ್ಡದ ನೀರು ಒಳಗೆ ಬಾರದ ಹಾಗೆ. ಗೂಡಿನ ಮಾಡಿನಿಂದ ಇಳಿಯುವ ನೀರಿಗೂ ಪೈಪು ಸೀಳಿ ದಂಬೆ ಕಟ್ಟು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ. ಅದರಲ್ಲಿ ಮಾಡಿನಿಂದ ಇಳಿದದ್ದೇ ಅಂಗಳ ಹಾಳು ಮಾಡಲು ಸಾಕು.

ರಾತ್ರಿ ಗೂಡು ಎತ್ತರದಲ್ಲಿ ಇರಲಿ, ಒಣಗಿರಲಿ. ಸಂಜೆ ನೀರು, ಹಿಂಡಿ ಎರಡನ್ನೂ ಹೊರಗಿಡು. ನೀರಿಲ್ಲದೆ ಹಿಂಡಿ ಮಾತ್ರ ಇಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೆಳಗೆ ಹಾಸಲು ಉಮಿ, ಮರದ ಹುಡಿ ಈಗಲೇ ಗೋಣಿಯಲ್ಲಿ ತುಂಬಿಸಿಡು. ಮಳೆಗಾಲದಲ್ಲಿ ಒಣಗಿದ್ದು ಸಿಗುವುದಿಲ್ಲ. ಬೂಸ್ಟು ಹಿಡಿದ ಬೈಹುಲ್ಲು ಹಾಕಬೇಡ. ಬೂಸ್ಟು ಹಿಡಿದ ಹಿಂಡಿಯನ್ನಂತೂ ಬಾತಿಗೆ ತೋರಿಸಲೂ ಬೇಡ, ಕೋಳಿಗಿಂತ ಬೇಗ ಸಾಯುತ್ತವೆ. ಬೆಳಿಗ್ಗೆ ಎಂಟೂವರೆ ಒಂಬತ್ತರವರೆಗೆ ಒಳಗೇ ಇರಲಿ. ಹೆಚ್ಚಿನವು ಅಷ್ಟರಲ್ಲಿ ಮೊಟ್ಟೆ ಇಟ್ಟಾಗಿರುತ್ತದೆ, ಕೆಸರು ಮೆತ್ತಿಕೊಳ್ಳದ ಮೊಟ್ಟೆ ಸಿಗುತ್ತದೆ.

ಒಂದು ಮಾತು ನಿನಗಾಗಿ. ಬರಿಗಾಲಲ್ಲಿ ಆ ಕೆಸರಿಗೆ ಇಳಿಯಬೇಡ. ಚೆಲ್ಲಿದ ಹಿಂಡಿಗೆ ಇಲಿ ಬರುತ್ತದೆ, ಇಲಿ ಮೂತ್ರ ಸೇರಿದ ನೀರಿನಿಂದ ಇಲಿಜ್ವರ. ಕಾಲಲ್ಲಿ ಸಣ್ಣ ಗಾಯ ಇದ್ದರೂ ಸಾಕು. ಗಂಬೂಟು ತೆಗೆದುಕೋ, ದುಡ್ಡಿನ ಮುಖ ನೋಡಬೇಡ. ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಕೆಸರಿನ ಕೆಲಸ ಮಾಡಿದ್ದನ್ನು ಹೇಳು.

ನಿಮ್ಮ ಬಾವಿ ಗೂಡಿಗಿಂತ ಮೇಲಿದೆಯೋ ಕೆಳಗಿದೆಯೋ ಫೋಟೋದಲ್ಲಿ ಕಾಣಲಿಲ್ಲ. ಕೆಳಗಿದ್ದರೆ ಕಣಿ, ಗುಂಡಿ ಯಾವುದೂ ಬೇಡ, ಗೂಡನ್ನೇ ಬೇರೆ ಕಡೆಗೆ ಹಾಕಬೇಕು. ಇವತ್ತೇ ನೋಡಿ ಫೋನ್ ಮಾಡು.

ನಿನ್ನ
ದೊಡ್ಡಮ್ಮ