ಅಘನಾಶಿನಿ ಹೊಳೆಯ ಎರಡೂ ದಡದವರಿಗೆ ವಂದನೆ

ಉತ್ತರ ಕನ್ನಡದ ಕುಮಟೆ ಬಳಿ ಅಘನಾಶಿನಿ ಕಡಲು ಸೇರುವಲ್ಲಿನ ತದಡಿಯಿಂದ ಹೊಳೆಯ ಮೇಲ್ಭಾಗದ ಉಪ್ಪಿನಪಟ್ಟಣದವರೆಗೆ ಹಾಯಿ ಬಿಚ್ಚಿ ಹೋಗಿ ಅದೇ ದಾರಿಯಲ್ಲಿ ಮರಳಿದ ಹದಿನಾರು ಅಡಿಯ ಫೈಬರ್ ದೋಣಿ ಈಗ ದಡದ ಮೇಲೆ ಬೋರಲಾಗಿ ಒಣಗುತ್ತಿದೆ. ಅದಕ್ಕೆ ಮೋಟಾರು ಇರಲಿಲ್ಲ. ಗಾಳಿ, ನೀರಿನ ಸೆಳೆತ, ಎರಡು ಹುಟ್ಟು, ನೂಕಲು ಒಂದು ಬಿದಿರಿನ ಗಳು (ಉದ್ದ ಕೋಲು), ಇಷ್ಟರಲ್ಲೇ ಆಗಬೇಕಾದ ಕೆಲಸ. ಆದದ್ದು, ಹೊಳೆಯ ಲೆಕ್ಕ ಬಲ್ಲವರು ಅದನ್ನು ಬಚ್ಚಿಡದೆ ಹೇಳಿಕೊಟ್ಟದ್ದರಿಂದ. ಹೆಸರು ಹಾಕಬೇಡಿ ಎಂದವರೇ ಹೆಚ್ಚು. ಹಾಗಾಗಿ ಅವರು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ, ಮುಂದೆ ಹೊರಡುವವರಿಗೂ ಉಪಯೋಗಕ್ಕೆ ಬರಲಿ.

ಮೊದಲ ವಂದನೆ ತದಡಿಯ ಹಿರಿಯರಿಗೆ. ಅವರು ದಿನ ಗೊತ್ತು ಮಾಡಿದ್ದು ತಾರೀಖು ನೋಡಿ ಅಲ್ಲ, ತಿಥಿ ನೋಡಿ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನ ಹೆಚ್ಚುಕಡಿಮೆ ಹಗಲು ಹನ್ನೊಂದು-ಹನ್ನೆರಡರ ನಡುವೆ ಭರತ (ಕಡಲ ನೀರಿನ ಏರಿಕೆ) ತುಂಬುತ್ತದೆ, ರಾತ್ರಿ ಮತ್ತೊಮ್ಮೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗಿ ಷಷ್ಠಿಯ ಹೊತ್ತಿಗೆ ಹಗಲಿನ ಭರತ ಮಧ್ಯಾಹ್ನ ನಾಲ್ಕರ ಆಸುಪಾಸಿಗೆ ಬರುತ್ತದೆ. ಚಳಿಗಾಲದಲ್ಲಿ ಕಡಲಗಾಳಿ ಏಳುವುದೂ ಮಧ್ಯಾಹ್ನವೇ. ಗಾಳಿ, ನೀರು ಎರಡೂ ಒಟ್ಟಿಗೆ ಮೇಲಕ್ಕೆ ಒಯ್ಯುತ್ತವೆ. ಮರಳುವಾಗ ನಸುಕಿನ ಭರತ ತುಂಬಿ ಇಳಿತ ಶುರುವಾದ ಮೇಲೆ ಬೆಳಕು ಹರಿಯುತ್ತಲೇ ಹೊರಟರೆ ಘಟ್ಟದ ಕಡೆಯ ಮೂಡುಗಾಳಿ ಜೊತೆಗಿರುತ್ತದೆ. ಹುಣ್ಣಿಮೆಯ ದಿನವೇ ಹೊರಟವರಿಗೆ ಮಧ್ಯಾಹ್ನದ ಗಾಳಿ ಮೇಲಕ್ಕೆ, ಇಳಿತ ಕೆಳಕ್ಕೆ. ದೋಣಿ ನಿಂತಲ್ಲೇ ಕುಣಿಯುತ್ತದೆ. ಅಳಿವೆಯ (ಹೊಳೆ ಕಡಲು ಸೇರುವ ಜಾಗ) ಬಾಯಿಯ ಹತ್ತಿರವಾದರೆ ಚಿಕ್ಕ ಚೂಪು ಅಲೆಗಳೆದ್ದು ನೀರು ಒಳಗೆ ಹಾರುತ್ತದೆ. ಕಾರವಾರ ಬಂದರಿನ ಭರತದ ವೇಳಾಪಟ್ಟಿಯೊಂದಿಗೆ ಈ ತಿಥಿ ಲೆಕ್ಕವನ್ನು ಹೊಂದಿಸಿ ನೋಡಿಕೊಳ್ಳಿ. ಹೊಳೆಯಲ್ಲಿ ಮೇಲೆ ಹೋದಷ್ಟೂ ಭರತ ಮುಟ್ಟುವುದು ತಡ.

ಈ ಲೆಕ್ಕ ಇಲ್ಲಿ ನಂಬಿಗಸ್ತವಾಗಿರಲು ಕಾರಣವೂ ಇದೆ. ಕಾಳಿಯಲ್ಲಿ ಕದ್ರಾದಿಂದ, ಶರಾವತಿಯಲ್ಲಿ ಗೇರುಸೊಪ್ಪೆಯಿಂದ ಬಿಡುವ ನೀರು ಸೆಳೆತವನ್ನು ಬದಲಿಸಿಬಿಡುತ್ತದೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದ ನೀರು ಇಳಿದ ಮೇಲೆ ಕೆಳಹೊಳೆಯಲ್ಲಿ ನಡೆಯುವುದು ಚಂದ್ರನ ಮಾತೇ.

ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವ ಅಕ್ಕಂದಿರ ಋಣ ದೊಡ್ಡದು. 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಈ ಅಳಿವೆ 4,801 ಹೆಕ್ಟೇರ್. ನಕಾಶೆಯಲ್ಲಿ ನೋಡಿದರೆ ಎಲ್ಲೆಂದರಲ್ಲಿ ಓಡಾಡಬಹುದು ಅನಿಸುತ್ತದೆ. ಇಳಿತದಲ್ಲಿ ನೋಡಿದರೆ ಗೊತ್ತಾಗುತ್ತದೆ, ದೋಣಿಗೆ ಉಳಿಯುವುದು ಸೊಟ್ಟಸೊಟ್ಟ ಕಾಲುವೆಯಷ್ಟೇ. ಅಕ್ಕಂದಿರು ಮೊಣಕಾಲುದ್ದ ನೀರಲ್ಲಿ ನಿಂತು ಬಳಚು ಆರಿಸುವ ಜಾಗ ಗಟ್ಟಿ ಮರಳು. ಅಲ್ಲಿ ಇಳಿದು ದೋಣಿ ನೂಕಬಹುದು. ನುಣ್ಣಗೆ ಹೊಳೆಯುವ, ಯಾರೂ ಕಾಲಿಡದ ದಿಬ್ಬ ಬರೀ ಕೆಸರು, ತೊಡೆಯವರೆಗೆ ಹೂಳುತ್ತದೆ. ಕಲ್ಲು, ಹಳೆಯ ಗೂಟಗಳಿಗೆ ಅಂಟಿದ ಸಿಂಪಿಯ ಅಂಚು ಬ್ಲೇಡೇ ಸರಿ. ಚಪ್ಪಲಿ ಸಾಲದು, ಹಿಮ್ಮಡಿ ಮುಚ್ಚುವ ಬೂಟು ಬೇಕು.

ದೋಣಿ ದಿಬ್ಬಕ್ಕೆ ತಾಗಿದರೆ ಏನು ಮಾಡಬೇಕೆಂದು ಹೇಳಿದವರೂ ಅವರೇ. ಭರತ ಏರುವಾಗಲಾದರೆ ಸುಮ್ಮನೆ ಕೂತಿದ್ದರೂ ಬಿಡುತ್ತದೆ. ಇಳಿತದಲ್ಲಿ ಪುರುಸೊತ್ತಿಲ್ಲ. ಆರು ಗಂಟೆಯ ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು-ನಾಲ್ಕನೆಯವಕ್ಕೆ ಮೂರು ಮೂರು, ಆಮೇಲೆ ಎರಡು, ಒಂದು. ಒಟ್ಟು ಇಳಿತ 1.2 ಮೀಟರ್ ಎಂದಿಟ್ಟುಕೊಂಡರೆ ನಡುವಿನ ಗಂಟೆಯಲ್ಲಿ 30 ಸೆಂಟಿಮೀಟರ್ ಹೋಗುತ್ತದೆ. ಹತ್ತು ನಿಮಿಷ ಚರ್ಚೆ ಮಾಡುತ್ತ ಕೂತರೆ ಐದು ಸೆಂಟಿಮೀಟರ್ ನೀರು ಹೋಯಿತು, ಮುಂದಿನ ಭರತದವರೆಗೆ ಅಲ್ಲೇ ವಾಸ. ಹಾಯಿ ಸಡಿಲಿಸಿ, ಸೆಂಟರ್‌ಬೋರ್ಡ್ (ದೋಣಿಯ ನಡುವೆ ನೀರೊಳಗೆ ಇಳಿಬಿಡುವ ಹಲಗೆ) ಮೇಲಕ್ಕೆಳೆದು, ಎಲ್ಲರೂ ಒಂದೇ ಬದಿಗೆ ಸರಿದು ದೋಣಿ ವಾಲಿಸಿ, ಬಂದ ದಿಕ್ಕಿಗೇ ಗಳು ಹಾಕಿ ಹಿಂದೆ ನೂಕಬೇಕು. ಗಳುವಿನ ತುದಿಗೆ ಅಂಗೈಯಗಲದ ಹಲಗೆ ತುಂಡೊಂದನ್ನು ಅಡ್ಡ ಬಿಗಿದರೆ ಕೆಸರಲ್ಲಿ ಹೂಳುವುದಿಲ್ಲ. ಕೀಳುವಾಗ ತಿರುಚಿ ಕೀಳಬೇಕು, ಇಲ್ಲದಿದ್ದರೆ ಗಳು ಅಲ್ಲಿ, ನೀವು ಇಲ್ಲಿ. ಬೋರ್ಡಿನ ಸೀಳಲ್ಲಿ ಸೇರಿದ ಚಿಪ್ಪು, ಮರಳನ್ನು ಅವತ್ತೇ ಕೆರೆದು ತೆಗೆಯಿರಿ. ಒಣಗಿದರೆ ಬೋರ್ಡ್ ಕೆಳಗಿಳಿಯುವುದೇ ಇಲ್ಲ.

ಕುಮಟೆಯಲ್ಲಿ ಲಾರಿ ತಾಡಪತ್ರಿ ಹೊಲಿಯುವ ಅಂಗಡಿಯವರಿಗೆ ವಿಶೇಷ ಧನ್ಯವಾದ. ಹಾಯಿ ಹರಿಯುವುದು ನಡುವೆ ಅಲ್ಲ, ಮೂಲೆಯಲ್ಲಿ. ಅವರು ನಾಲ್ಕೂ ಮೂಲೆಗೆ ಒಂದಕ್ಕಿಂತ ಒಂದು ದೊಡ್ಡದಾದ ಮೂರು ಪದರ ಬಟ್ಟೆ ಕೊಟ್ಟು, ಪಾಲಿಯೆಸ್ಟರ್ ದಾರದಲ್ಲಿ ಅಂಕುಡೊಂಕು ಹೊಲಿಗೆ ಹಾಕಿ, ಹಿತ್ತಾಳೆಯ ಕಣ್ಣು ಕೂರಿಸಿದರು. ಹತ್ತಿ ದಾರ ಉಪ್ಪುನೀರಿಗೆ ಕೊಳೆಯುತ್ತದೆ. ಹಾಯಿಯ ಕೆಳಭಾಗದ ಮೂರನೆಯ ಒಂದು ಪಾಲು ಮಡಚಿ ಕಟ್ಟಲು ಸಾಲಾಗಿ ಲಾಡಿಗಳನ್ನೂ ಹಾಕಿದರು. ನೀರಿನ ಮೇಲೆ ಬಿಳಿ ನೊರೆ ಕಾಣತೊಡಗಿದ ಕೂಡಲೇ ಮಡಚಬೇಕು. ಗಾಳಿ ಜೋರಾದ ಮೇಲೆ ಎದ್ದುನಿಂತು ಮಡಚುವುದು ಮಗುಚಲು ಹತ್ತಿರದ ದಾರಿ.

ವಿದ್ಯುತ್ ಕಂಪನಿ ಹೆಸ್ಕಾಂನ ಲೈನ್‌ಮನ್‌ಗಳು ಹೇಳಿದ ಒಂದೇ ಮಾತು: ಹೊಳೆ ದಾಟುವ ತಂತಿ ಮಧ್ಯಾಹ್ನದ ಬಿಸಿಲಿಗೆ ಜೋಲುತ್ತದೆ, ಭರತದಲ್ಲಿ ದೋಣಿ ಮೇಲೇರುತ್ತದೆ, ಎತ್ತರವನ್ನು ಕಣ್ಣಳತೆಯಲ್ಲಿ ನಂಬಬೇಡಿ. ಅಲ್ಯೂಮಿನಿಯಂ ಕೂವೆಮರ (ಹಾಯಿ ಕಟ್ಟುವ ಕಂಬ) ತಂತಿಗೆ ತಾಗಬೇಕೆಂದೂ ಇಲ್ಲ, ಹತ್ತಿರ ಹೋದರೆ ಸಾಕು. ಪ್ರತಿ ತಂತಿಗೂ ಮೊದಲೇ ಕೂವೆ ಮಲಗಿಸಿ ಹುಟ್ಟು ಹಾಕಿ ದಾಟುವುದೇ ಸರಿ. ಮಿರ್ಜಾನ-ದಿವಗಿ ಕಡೆಯ ಹೆದ್ದಾರಿ, ರೈಲು ಸೇತುವೆಗಳಲ್ಲಿ ತೊಂದರೆ ಬೇರೆಯದು. ಕಂಬಗಳ ನಡುವೆ ಸೆಳೆತ ಹೆಚ್ಚುತ್ತದೆ, ಅದೇ ಜಾಗದಲ್ಲಿ ಗಾಳಿ ಸಾಯುತ್ತದೆ. ಹುಟ್ಟು ಮೊದಲೇ ಕೈಯಲ್ಲಿರಲಿ.

ಬಲೆಯವರ ತಾಳ್ಮೆಗೆ ಕೈಮುಗಿಯಬೇಕು. ಗೂಟ ಹೂಡಿದ ಬಲೆಯ ಮೇಲ್ಸೆಳೆತದ ಬದಿಯಲ್ಲಿ ಅಡ್ಡ ದಾಟಬಾರದು. ಗಾಳಿ ನಿಂತರೆ ನೀರೇ ದೋಣಿಯನ್ನು ಗೂಟಕ್ಕೆ ಒತ್ತುತ್ತದೆ, ಹರಿಯುವುದು ಅವರ ಅನ್ನ. ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಕಟ್ಟೆಯ ತೂಬುಗಳ ಎದುರೂ ಹಾಗೆಯೇ, ಇಳಿತದಲ್ಲಿ ಅಲ್ಲಿಂದ ನೀರು ನುಗ್ಗಿ ಬರುತ್ತದೆ, ಬಾಯಿಗೆ ಬಲೆಯೂ ಇರುತ್ತದೆ.

ರಾತ್ರಿ ತಂಗಲು ಜಾಗ ತೋರಿಸಿ, ಸಿಹಿನೀರ ಬಾವಿಯಿಂದ ಕ್ಯಾನ್ ತುಂಬಿಸಿ, ಉಪ್ಪುನೀರು ತಾಳುವ ಕಗ್ಗ ಭತ್ತದ ಅಕ್ಕಿಯ ಗಂಜಿ ಬಡಿಸಿದ ಮನೆಗಳಿಗೆ ವಂದನೆ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ಕುಡಿಯುವ ನೀರು ಬೇಕು, ಹೊಳೆಯ ನೀರು ಸವಳು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಕ್ಕೆ ದೋಣಿ ಕಟ್ಟಬೇಡಿ ಎಂದವರೂ ಅವರೇ: ಭರತದಲ್ಲಿ ಕೂವೆ ಕೊಂಬೆಗೆ ಸಿಕ್ಕುತ್ತದೆ, ಇಳಿತದಲ್ಲಿ ದೋಣಿ ಬೇರಿನ ಮೇಲೆ ಕೂರುತ್ತದೆ. ಲಂಗರು ಹಾಕುವಾಗ ಆಗಿನ ಆಳ ಅಲ್ಲ, ಭರತದ ಆಳ ಲೆಕ್ಕಕ್ಕೆ. ಈಗಿನ ಆಳ ಒಂದು ಮೀಟರ್, ಏರುವುದು 1.2, ನೀರಿನಿಂದ ದೋಣಿಯ ಮೂತಿಯ ಎತ್ತರ ಅರ್ಧ ಮೀಟರ್. ಇವು ಮೂರೂ ಕೂಡಿ ಆರು ಪಟ್ಟು ಎಂದರೆ ಸುಮಾರು 16 ಮೀಟರ್ ಹಗ್ಗ, ತುದಿಗೆ ಮೂರು ಮೀಟರ್ ಸರಪಳಿ.

ಹೊರಡುವಾಗ ಹೆಸರು, ಫೋನ್ ನಂಬರ್ ಬರೆದುಕೊಂಡು ಸಂಜೆಸಂಜೆ ವಿಚಾರಿಸಿದ ಕರಾವಳಿ ಕಾವಲು ಪೊಲೀಸರಿಗೆ, ದೋಣಿ ಕಂಡಾಗ ವೇಗ ಇಳಿಸಿದ ತದಡಿ-ಅಘನಾಶಿನಿ ಬಾರ್ಜಿನವರಿಗೆ ಧನ್ಯವಾದ. ಬಾರ್ಜಿನ ಮುಂದಿನಿಂದ ದಾಟಬೇಡಿ, ಹಿಂದಿನಿಂದ ದಾಟಿ. ಹಲಗೆ ಬಿಗಿದ ಗಳು, ನಾಲ್ಕು ಕಿಲೋ ಲಂಗರು, ಸರಪಳಿ ಎಲ್ಲವನ್ನೂ ತದಡಿಯಲ್ಲೇ ಇಟ್ಟಿದ್ದೇವೆ. ಬೇಕಾದವರು ಕೇಳಿ ಒಯ್ಯಬಹುದು, ತಂದಿಡುವಾಗ ಸಿಹಿನೀರಲ್ಲಿ ತೊಳೆದಿಡಿ.