ಮನೆಮಾತು ಹೊತ್ತು ತಂದ ನಿಮಗೆಲ್ಲ

ಭಾನುವಾರ ರಾತ್ರಿ ಹತ್ತು ಗಂಟೆಗೆ ಕೊನೆಯ ಕುರ್ಚಿ ಗಾಡಿ ಹತ್ತಿತು. ಜಮಖಾನೆ ಕೊಡವಿ ಮಡಚಿದೆವು. ಹಾಸನದ ಜನವರಿ ಚಳಿಯಲ್ಲಿ ನಾವು ಐದಾರು ಜನ ಸುಮ್ನೆ ನಿಂತಿದ್ದೆವು. ಯಾರಿಗೂ ಮನೆಗೆ ಹೋಗುವ ಮನಸ್ಸಿರಲಿಲ್ಲ. ಮನೆಮಾತು ಕೇಳಲು ಸೇರುತ್ತಿದ್ದ ನಮ್ಮ ಹನ್ನೆರಡು ಭಾನುವಾರ ಮುಗಿದಿತ್ತು.

ಅವತ್ತು ಎಲ್ಲರಿಗೂ ಹೆಸರು ಹಿಡಿದು ಧನ್ಯವಾದ ಹೇಳಬೇಕು ಅಂತ ಚೀಟಿ ಬರೆದುಕೊಂಡು ಬಂದಿದ್ದೆ. ಮೈಕ್ ಹಿಡಿದಾಗ ಗಂಟಲು ಕಟ್ಟಿತು. ನಾಲ್ಕು ಮಾತಾಡಿ ಇಳಿದುಬಿಟ್ಟೆ. ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಅಂತ ತುಂಬ ಜನ ಹೇಳಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಯಾರ ಬಗ್ಗೆ ಹೇಳುತ್ತಿದ್ದೇನೆ ಅಂತ ನಿಮಗೆ ಗೊತ್ತಾಗುತ್ತದೆ.

ಬಾರದವರಿಗೆ ಒಂದು ಮಾತು. 2025ರ ಮೇ ತಿಂಗಳಲ್ಲಿ ನಮ್ಮ ಊರಿನ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲ ಸಲ. ಆ ವಾರವೆಲ್ಲ ಹಾಸನದ ಟೀ ಅಂಗಡಿಗಳಲ್ಲಿ ಅದೇ ಮಾತು. ಮನೆಯಲ್ಲಿ ಉರ್ದು ಕೇಳಿ ಬೆಳೆದವರು, ಬರೆದದ್ದು ಕನ್ನಡದಲ್ಲಿ. ಆಗ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದರು: ಈ ಜಿಲ್ಲೆಯಲ್ಲಿ ಬಾಗಿಲು ಹಾಕಿಕೊಂಡ ಮೇಲೆ ಮನೆಯೊಳಗೆ ಎಷ್ಟು ಮಾತು ಆಡುತ್ತಾರೆ? ಎಣಿಸುತ್ತಾ ಹೋದೆವು. ಕನ್ನಡ, ಉರ್ದು, ಲಂಬಾಣಿ, ತುಳು, ತೆಲುಗು, ಸಂಕೇತಿ, ಹೆಬ್ಬಾರರ ತಮಿಳು, ಸಕಲೇಶಪುರದ ತೋಟದ ಲೈನ್ ಮನೆಗಳ ತಮಿಳು, ಬ್ಯಾರಿ, ಕೊಂಕಣಿ, ವಾಗ್ರಿ. ಇವರನ್ನೆಲ್ಲ ಒಂದು ಕಡೆ ಕೂರಿಸಿ ಕೇಳಬೇಕು ಅನ್ನಿಸಿತು. ಹಾಸನಾಂಬೆಯ ಬಾಗಿಲು ಮುಚ್ಚಿ, ದೀಪಾವಳಿಯ ಗದ್ದಲ ಮುಗಿದ ಮೇಲೆ ಶುರು ಮಾಡೋಣ ಅಂತ ಆಯಿತು.

ಒಂದು ಹಾಲ್ ಗೊತ್ತು ಮಾಡಿದ್ದೆವು. ಮುಂಗಡ ಕೊಟ್ಟಿದ್ದೆವು. ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ ಫೋನ್ ಬಂತು. "ಇಷ್ಟೊಂದು ಥರದ ಜನ ಒಂದೇ ಕಡೆ ಸೇರಿದರೆ ಗಲಾಟೆ ಆಗಬಹುದು, ನಮಗೆ ಬೇಡ" ಅಂದರು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಅರಸೀಕೆರೆಯ ಲಂಬಾಣಿ ತಾಂಡಾದಿಂದ ಬರುವವರಿಗೆ, ಅಂಗಡಿಹಳ್ಳಿಯಿಂದ ಬರುವವರಿಗೆ ಏನು ಹೇಳುವುದು ಅಂತ ತಿಳಿಯಲಿಲ್ಲ.

ಗಿರಣಿ ಅಣ್ಣ, ನಿಮಗೆ ಮೊದಲ ನಮಸ್ಕಾರ. ನಿಮ್ಮ ಅಪ್ಪನ ಕಾಲದ ಅಕ್ಕಿ ಗಿರಣಿ ನಿಂತು ವರ್ಷಗಳಾಗಿತ್ತು. ಭತ್ತ ಒಣಗಿಸುತ್ತಿದ್ದ ಸಿಮೆಂಟ್ ಅಂಗಳದಲ್ಲಿ ಹುಲ್ಲು ಎದ್ದಿತ್ತು. ನಾವು ಕೇಳುವ ಮೊದಲೇ ಸುದ್ದಿ ಕಿವಿಗೆ ಬಿದ್ದು, ನೀವೇ ಬೀಗದ ಕೈ ಹಿಡಿದುಕೊಂಡು ಬಂದಿರಿ. ಬಾಡಿಗೆ ಮಾತು ತೆಗೆದರೆ ಬೇಜಾರು ಮಾಡಿಕೊಂಡಿರಿ. ಶನಿವಾರ ಬೆಳಗ್ಗೆ ನೀವೂ ನಿಮ್ಮ ಮಗಳೂ ಹುಲ್ಲು ಕೀಳುತ್ತಿದ್ದಿರಿ. ಮೂಟೆ ಇಳಿಸುವ ಕಟ್ಟೆಯೇ ನಮ್ಮ ವೇದಿಕೆಯಾಯಿತು. ಕಣದಲ್ಲಿ ಕೂತು ಕಥೆ ಕೇಳುವುದು ನಮ್ಮ ಕಡೆ ಹೊಸದಲ್ಲ ಅಲ್ವಾ. ಈಗ ಯೋಚಿಸಿದರೆ ಆ ಹಾಲ್‌ನ ಮೆತ್ತನೆ ಕುರ್ಚಿಗಳಲ್ಲಿ ಈ ಹನ್ನೆರಡು ವಾರ ಹೀಗೆ ನಡೆಯುತ್ತಿರಲಿಲ್ಲ.

ಶಾಮಿಯಾನದವರು ಅರ್ಧ ದುಡ್ಡು ತಗೊಂಡರು. ಟೀ ಅಂಗಡಿಯವರು ಹನ್ನೆರಡು ವಾರವೂ ಡ್ರಮ್ಮಿನಲ್ಲಿ ಟೀ ಕಳಿಸಿದರು, ಲೆಕ್ಕ ಬರೆಯಲೇ ಇಲ್ಲ. ಮೈಕ್ ಸೆಟ್ ಅಣ್ಣನ ವಿಷಯ ಮಾತ್ರ ಬಿಡಿಸಿ ಹೇಳಬೇಕು. ಎಂಟನೇ ವಾರ ಅವರ ತಾಯಿ ತೀರಿಹೋದರು. ನಾವು ಮೈಕ್ ಇಲ್ಲದೆ ನಡೆಸಲು ಸಿದ್ಧವಾಗಿದ್ದೆವು. ಮಧ್ಯಾಹ್ನ ಮೂರಕ್ಕೆ ಅವರ ಮಗ ಬಂದು ವೈರು ಎಳೆಯತೊಡಗಿದ. ಹತ್ತನೇ ತರಗತಿ ಹುಡುಗ. "ಅಜ್ಜಿ ಪ್ರತಿ ವಾರ ಹಿಂದಿನ ಸಾಲಲ್ಲಿ ಕೂತು ಕೇಳ್ತಿದ್ರು, ಅಪ್ಪ ಕಳಿಸಿದ್ರು" ಅಂದ. ಆ ಅಜ್ಜಿ ಯಾರೆಂದು ನಮಗೆ ಆಗ ಗೊತ್ತಾಯಿತು. ಅವರ ಜಾಗದಲ್ಲಿ ಆ ಸಂಜೆ ಒಂದು ಕುರ್ಚಿ ಖಾಲಿ ಬಿಟ್ಟೆವು.

ನಮ್ಮ ನಿವೃತ್ತ ಕನ್ನಡ ಮೇಷ್ಟ್ರಿಗೆ ಹೇಗೆ ಕೃತಜ್ಞತೆ ಹೇಳುವುದು ಅಂತ ನನಗೆ ಗೊತ್ತಾಗುತ್ತಿಲ್ಲ. ನಿಯಮ ಮಾಡಿದವರು ಅವರು. ಮಾತಾಡುವವರು ಮೊದಲ ಹತ್ತು ನಿಮಿಷ ಮನೆಮಾತಿನಲ್ಲೇ ಹೇಳಬೇಕು, ಆಮೇಲೆ ಕನ್ನಡ. ಅರ್ಥವಾಗದ ಆ ಹತ್ತು ನಿಮಿಷ ಯಾರೂ ಏಳಬಾರದು. ಜನ ಕೂರುತ್ತಾರಾ ಅಂತ ನನಗೆ ಅನುಮಾನವಿತ್ತು. ಕೂತರು. ಮೇಷ್ಟ್ರು ಹೇಳಿದ್ದು ಸರಿ, ಅರ್ಥವಾಗದಿದ್ದಾಗ ನಾವು ಮುಖ ನೋಡುತ್ತೇವೆ, ಕೈ ನೋಡುತ್ತೇವೆ, ದನಿ ಎಲ್ಲಿ ನಡುಗಿತು ಅಂತ ಗಮನಿಸುತ್ತೇವೆ.

ಮೊದಲ ಭಾನುವಾರ ಅವರೇ ಮಾತಾಡಿದರು. ಹಾಲ್ ತಪ್ಪಿದ್ದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಶ್ರವಣಬೆಳಗೊಳದ ಕಥೆ ಹೇಳಿದರು. ಗೊಮ್ಮಟನ ಕಾಲಬುಡದಲ್ಲಿ ಚಾವುಂಡರಾಯ ಇದನ್ನು ಮಾಡಿಸಿದ ಅನ್ನುವ ಒಂದೇ ಸಂಗತಿ ಮೂರು ಮಾತಿನಲ್ಲಿದೆ. ಕನ್ನಡದಲ್ಲಿ "ಮಾಡಿಸಿದಂ", ತಮಿಳಿನಲ್ಲಿ "ಚೆಯ್ವಿತ್ತಾನ್", ಮರಾಠಿಯಲ್ಲಿ "ಕರವಿಯಲೇ". ಬೆಟ್ಟ ಹತ್ತಿ ಬರುವವರು ಎಲ್ಲೆಲ್ಲಿಂದಲೋ ಬರುತ್ತಾರೆ, ಅವರವರ ಮಾತಲ್ಲಿ ಓದಲಿ ಅಂತ ಇರಬೇಕು ಅಂದರು ಮೇಷ್ಟ್ರು.

ಆಮೇಲೆ 1368ರ ಶಾಸನಕ್ಕೆ ಬಂದರು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹತ್ತಿ ದೂರು ವಿಜಯನಗರದ ಬುಕ್ಕರಾಯನ ತನಕ ಹೋಗಿತ್ತು. ಅರಸ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಕ್ಕೂ ಭೇದವಿಲ್ಲ ಅಂದ. ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳು ನೇಮಿಸುವ ಹೊಣೆ ವೈಷ್ಣವರ ಕಡೆಗೆ ಹೋಯಿತು, ಅದರ ಖರ್ಚಿಗೆ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ, ಅಂದರೆ ಆ ಕಾಲದ ಒಂದು ನಾಣ್ಯ. ಅಂದರೆ ಜಗಳ ಆಡಿದವರ ಕೈಗೇ ಕಾವಲು ಕೊಟ್ಟರು. ಮೇಷ್ಟ್ರು ಇಷ್ಟು ಹೇಳಿ ಲೋಟದಲ್ಲಿದ್ದ ನೀರು ಕುಡಿದರು. ಅಂಗಳದಲ್ಲಿ ಒಂದು ಸದ್ದಿಲ್ಲ. ಆ ಮೇಲೆ ಹನ್ನೆರಡು ವಾರದಲ್ಲಿ ಗಲಾಟೆ ಅಂತ ಆಗಿದ್ದು ಒಂದು ಸಲ, ಬಿಸಿ ಬೋಂಡಾ ಬಂದಾಗ ಮಕ್ಕಳದು.

ಹಲ್ಮಿಡಿಯ ಬಗ್ಗೆಯೂ ಅವರೇ ಒಂದು ವಾರ ಹೇಳಿದರು. ಬೇಲೂರು ತಾಲೂಕಿನ ಆ ಸಣ್ಣ ಊರಿನ ಕಲ್ಲಿನಲ್ಲಿ "ಬಾಳ್ಗಳ್ಚು" ಅಂತ ಒಂದು ಮಾತಿದೆ. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆಯುವುದು. ಯುದ್ಧದಲ್ಲಿ ಗೆದ್ದವನಿಗೆ ಕತ್ತಿ ತೊಳೆದು ಕೊಟ್ಟ ದತ್ತಿ. ಹದಿನೈದು ನೂರು ವರ್ಷದ ಹಿಂದಿನ ಮಾತು ಬಿಡಿಸಿ ಹೇಳಿದಾಗ ನಮ್ಮ ಮೂರನೇ ಕ್ಲಾಸಿನ ಹುಡುಗರಿಗೂ ಅರ್ಥವಾಯಿತು. ಅವರು ಅದನ್ನು ವಾರಗಟ್ಟಲೆ ಕೂಗಿಕೊಂಡು ಓಡಾಡಿದರು.

ಅಂಗಡಿಹಳ್ಳಿಯಿಂದ ಬಂದ ಅಜ್ಜಿ ಮತ್ತು ಮೊಮ್ಮಗಳಿಗೆ ಧನ್ಯವಾದದ ಜೊತೆ ಒಂದು ಕ್ಷಮೆಯೂ ಬಾಕಿ ಇದೆ. ಪರಿಚಯ ಮಾಡುವಾಗ ನಾನು "ಅಲೆಮಾರಿ ಹಕ್ಕಿಪಿಕ್ಕಿ ಜನ" ಅಂದೆ. ಮೊಮ್ಮಗಳು ಎದ್ದು ನಿಂತು ಮೆತ್ತಗೆ ಹೇಳಿದಳು: "ಅಕ್ಕ, ಹಕ್ಕಿಪಿಕ್ಕಿ ಅಂತ ನೀವು ಕರೆಯೋದು. ನಾವು ನಮ್ಮನ್ನು ವಾಗ್ರಿ ಅಂತೀವಿ. ನಾನು ಹುಟ್ಟಿದ್ದು ಬೆಳೆದದ್ದು ಅಂಗಡಿಹಳ್ಳಿಯಲ್ಲೇ, ಅಲೆದಿಲ್ಲ." ತಪ್ಪು ನನ್ನದು ತಂಗಿ. ಅವತ್ತಿಂದ ಪರಿಚಯದ ಮಾತನ್ನು ಅವರವರನ್ನೇ ಕೇಳಿ ಬರೆದೆ.

ಅಜ್ಜಿ ವಾಗ್ರಿಯಲ್ಲಿ ಮಾತಾಡಿದರು. ಗುಜರಾತಿಯ ನೆಂಟ ಭಾಷೆ ಅದು. ಹಿಂದಿನ ಸಾಲಿನಲ್ಲಿದ್ದ ಬಟ್ಟೆ ಅಂಗಡಿಯ ಗುಜರಾತಿ ಸೇಟು ಒಂದೊಂದು ಮಾತು ಹಿಡಿಯುತ್ತಾ ಮುಂದೆ ಮುಂದೆ ಬಂದು ಕೂತರು. ಅಜ್ಜಿ ಎರಡು ಬೆರಳು ತುಟಿಗಿಟ್ಟು ಗೌಜಲ ಹಕ್ಕಿಯ ಕೂಗು ಕೂಗಿದರು. ನಿಜವಾದ ಹಕ್ಕಿ ಅಂತ ಮಕ್ಕಳು ಮೇಲೆ ನೋಡಿದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಕ್ಕಿ ಹಿಡಿಯುವ ಕಸುಬು ನಿಂತಿತು. ಮಣಿ ಸರ, ತಲೆಗೆ ಹಚ್ಚುವ ಎಣ್ಣೆ ಮಾರಿ ಬದುಕಿದರು. ಮಾರುತ್ತಾ ಆಫ್ರಿಕಾದ ದೇಶಗಳವರೆಗೂ ಹೋದರು. 2023ರಲ್ಲಿ ಸುಡಾನ್ ಯುದ್ಧದಲ್ಲಿ ಸಿಕ್ಕಿಕೊಂಡಿದ್ದ ಕರ್ನಾಟಕದ ಹಕ್ಕಿಪಿಕ್ಕಿಗಳ ಸುದ್ದಿ ನಾವೆಲ್ಲ ಟೀವಿಯಲ್ಲಿ ನೋಡಿದ್ದೆವು, ನೋಡಿ ಮರೆತಿದ್ದೆವು. ಆ ದಿನಗಳಲ್ಲಿ ರಾತ್ರಿ ಫೋನ್ ಹಿಡಿದು ಕೂತಿದ್ದನ್ನು ಅಜ್ಜಿ ಹೇಳುವಾಗ ಮೊಮ್ಮಗಳಿಗೆ ಕನ್ನಡಕ್ಕೆ ತರಲು ಆಗಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ. ಅದಕ್ಕೆ ಅಲ್ಲಿದ್ದ ಎಲ್ಲರಿಗೂ ನಾನು ಋಣಿ.

ತಾಂಡಾದ ಅಕ್ಕಂದಿರು ಬಂದಿದ್ದು ರಾತ್ರಿ ಬಸ್ಸಿಲ್ಲದ ದಿನ. ಟೆಂಪೊ ಮಾಡಿಕೊಂಡು ಬಂದರು. ಫೇಟಿಯಾ ಲಂಗ, ಕಾಂಚಳಿ ಕುಪ್ಪಸ ತೊಟ್ಟು, ದೀಪ ಹಿಡಿದು, ದೀಪಾವಳಿಗೆ ಮನೆಮನೆಗೆ ಹೋಗಿ ಹರಸುವ "ಮೇರಾ" ಹೇಳಿದರು. ಅವರ ಮಾತಿಗೆ ಸ್ವಂತ ಲಿಪಿ ಇಲ್ಲ. ಒಬ್ಬ ಹುಡುಗಿ ಅದನ್ನೆಲ್ಲ ಕನ್ನಡ ಲಿಪಿಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ಆ ನೋಟ್‌ಬುಕ್ ನೋಡಿ ಮೇಷ್ಟ್ರು ಎರಡೂ ಕೈ ಮುಗಿದರು.

ಕೌಶಿಕದ ಸಂಕೇತಿ ಅಜ್ಜಿಯೂ ಗೊರೂರಿನ ಕಡೆಯ ಹೆಬ್ಬಾರ್ ಅಯ್ಯಂಗಾರ್ ಅಜ್ಜಿಯೂ ಪಕ್ಕಪಕ್ಕ ಕೂತು, ನಿಮ್ಮದೂ ತಮಿಳು ನಮ್ಮದೂ ತಮಿಳು ಅಂತ ಶುರು ಮಾಡಿ, ಸಾರು, ಸಾತ್ತಮುದು ಅಂತ ಅಡುಗೆ ಮನೆ ಪದಗಳಲ್ಲೇ ಒಂದು ಗಂಟೆ ಕಳೆದರು. ಪೆನ್ಷನ್ ಮೊಹಲ್ಲಾದ ಆಪಾ ಮದುವೆ ಹಾಡು ಹಾಡಿದರು, ಮೊದಲ ಸಲ ಮೈಕಿನ ಮುಂದೆ. ಚಿಟ್ಟಿಮೇಳದ ವಾದ್ಯ ನುಡಿಸಿದ ಅಣ್ಣಂದಿರು ಸಂಭಾವನೆಯ ಕವರನ್ನು ನಮ್ಮ ಕಾಣಿಕೆ ಡಬ್ಬಿಗೇ ಹಾಕಿ ಹೋದರು. ಇದು ನನಗೆ ಸರಿ ಅನ್ನಿಸಿಲ್ಲ. ನಿಮ್ಮ ಕಲೆಗೆ ದುಡ್ಡು ಸಿಗಲೇಬೇಕು. ಅದನ್ನು ತೆಗೆದಿಟ್ಟಿದ್ದೇನೆ, ಈ ವಾರ ಮನೆಗೇ ತಂದುಕೊಡುತ್ತೇನೆ.

ಇನ್ನು ಶೆಟ್ಟಿಹಳ್ಳಿಯ ಮಾವ. ಒಂಬತ್ತನೇ ವಾರ ನೀವು ಕಟ್ಟೆ ಹತ್ತಿ, "ನನ್ನ ಮನೆಮಾತು ಕನ್ನಡವೇ. ಬೇರೆ ಭಾಷೆ ಇಲ್ಲ. ನನಗೆ ಇಲ್ಲದಿರೋದು ಊರು" ಅಂದಿರಿ. ನಾವು ಸ್ತಬ್ಧರಾದೆವು.

ಶೆಟ್ಟಿಹಳ್ಳಿಯ ಚರ್ಚ್ ಎಲ್ಲರಿಗೂ ಗೊತ್ತು. ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ್ದು. ಗಾರೆಗೆ ಬೆಲ್ಲ, ಮೊಟ್ಟೆ ಕಲಸಿದ್ದರು ಅಂತ ಹೇಳುತ್ತಾರೆ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು, ಹಿನ್ನೀರು ಊರಿಗೆ ಬಂತು. ಈಗ ಮಳೆಗಾಲದಲ್ಲಿ ಚರ್ಚಿನ ಗೋಡೆ ನೀರಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಜನ ಫೋಟೊ ತೆಗೆಯಲು ಹೋಗುತ್ತಾರೆ. ನಾನೂ ಹೋಗಿ ತೆಗೆಸಿಕೊಂಡಿದ್ದೇನೆ. ಅದರ ಸುತ್ತ ಮನೆಗಳಿದ್ದವು, ಆ ಮನೆಗಳಿಗೆ ಹಿತ್ತಿಲು ಇತ್ತು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಮಾವ ಮಾತಾಡಲಿಲ್ಲ. ಸುಣ್ಣದ ಕಡ್ಡಿ ಕೇಳಿದರು. ಅಂಗಳಕ್ಕೆ ಇಳಿದು, ಮಂಡಿಯೂರಿ, ನೆಲದ ಮೇಲೆ ಬರೆಯತೊಡಗಿದರು. ಇಲ್ಲಿ ಚರ್ಚು. ಇಲ್ಲಿಂದ ಹೊಳೆಗೆ ದಾರಿ. ಇದು ನಮ್ಮ ಮನೆ, ಇದು ದೊಡ್ಡಪ್ಪನ ಮನೆ. ಇಲ್ಲಿ ಹಲಸಿನ ಮರ. ಇಲ್ಲಿ ಬಾವಿ. ಎಪ್ಪತ್ತು ದಾಟಿದ ಮನುಷ್ಯ, ಮುಕ್ಕಾಲು ಗಂಟೆ ಬಗ್ಗಿಯೇ ಇದ್ದರು. ಕೂತಿದ್ದವರು ಒಬ್ಬೊಬ್ಬರೇ ಎದ್ದು ಕುರ್ಚಿ ಹಿಂದೆ ಸರಿಸಿ ಊರಿಗೆ ಜಾಗ ಬಿಟ್ಟರು.

ಆಗ ಗುಂಪಿನಿಂದ ಇನ್ನೊಬ್ಬರು ಬಂದರು. ಹಿನ್ನೀರಿನಲ್ಲಿ ಮುಳುಗಿದ ಇನ್ನೊಂದು ಹಳ್ಳಿಯ ಗೌಡರು. "ನಮ್ಮೂರು ಈ ಕಡೆ ಬರ್ತದೆ" ಅಂತ ಮಾವನ ಕೈಯಿಂದ ಕಡ್ಡಿ ತಗೊಂಡು ಮಾರಮ್ಮನ ಗುಡಿ, ಕಟ್ಟೆ, ಗದ್ದೆ ಬಯಲು ಬರೆದರು. ಮುಂದಿನ ವಾರ ಇನ್ನಿಬ್ಬರು ಬಂದರು. ಅವರಲ್ಲೊಬ್ಬರಿಗೆ ಕಣ್ಣು ಸರಿಯಾಗಿ ಕಾಣದು. ಅವರು ಹೇಳಿದ ಹಾಗೆ ಮಗಳು ಬರೆದಳು. ಮುಳುಗಿದ ಊರುಗಳು ಗಿರಣಿಯ ಅಂಗಳದಲ್ಲಿ ಒಂದಕ್ಕೊಂದು ಹತ್ತಿಕೊಂಡವು. ಜನ ಗೆರೆ ತುಳಿಯದೆ ಬದುವಿನ ಮೇಲೆ ನಡೆದ ಹಾಗೆ ಓಡಾಡುತ್ತಿದ್ದರು. ಗಿರಣಿ ಅಣ್ಣ ಅವತ್ತಿಂದ ಆ ಭಾಗ ಗುಡಿಸಲು ಬಿಟ್ಟಿಲ್ಲ.

ಮಾವ, ಮೊನ್ನೆ ಕೊನೆಯ ದಿನ ನಿಮ್ಮ ಮೊಮ್ಮಗ ಆ ಗೆರೆಗಳ ನಡುವೆ ನಿಂತು "ತಾತ, ನಾನೀಗ ಯಾರ ಮನೇಲಿದೀನಿ?" ಅಂತ ಕೇಳಿದ್ದು, ನೀವು ಹೇಳಿದ್ದು, ಅವನು ಓಡಿ ಇನ್ನೊಂದು ಮನೆಗೆ ಹೋಗಿದ್ದು, ಇದನ್ನು ನಾನು ನೋಡುತ್ತಾ ನಿಂತಿದ್ದೆ. ನನಗೆ ಮೈಕಿನಲ್ಲಿ ಗಂಟಲು ಕಟ್ಟಿದ್ದು ಅದಕ್ಕೇ.

ಮನೆಯವರಿಗೂ ಹೇಳಬೇಕು. ಹನ್ನೆರಡು ಭಾನುವಾರ ನನ್ನ ಅತ್ತೆಯವರೇ ಅಡುಗೆ ಮಾಡಿ, ರೊಟ್ಟಿ ಚಟ್ನಿ ಕಟ್ಟಿ ಕಳಿಸಿದರು. ಐದನೇ ವಾರದಿಂದ ತಾವೂ ಬರತೊಡಗಿದರು.

ಕೆಲವು ಸಾಮಾನು ನಮ್ಮ ಬಳಿ ಉಳಿದಿವೆ. ಎರಡು ಸ್ಟೀಲ್ ಡಬ್ಬಿ, ಒಂದು ಮಗುವಿನ ನೀಲಿ ಸ್ವೆಟರ್, ಒಂದು ಕನ್ನಡಕ, ಕಪ್ಪುಬಿಳುಪಿನ ಒಂದು ಮದುವೆ ಫೋಟೊ. ಫೋಟೊದ ಹಿಂದೆ ಏನೂ ಬರೆದಿಲ್ಲ, ನಿಮ್ಮದಾದರೆ ಬಂದು ತೆಗೆದುಕೊಳ್ಳಿ. ಡಬ್ಬಿಯಲ್ಲಿ ಬಿದ್ದ ದುಡ್ಡಿನ ಲೆಕ್ಕ ಬರೆದು ಗಿರಣಿ ಬಾಗಿಲಿಗೆ ಅಂಟಿಸಿದ್ದೇವೆ.

ಅಂಗಳದ ಊರುಗಳು ಇನ್ನೂ ಹಾಗೇ ಇವೆ. ಯುಗಾದಿ ಹೊತ್ತಿಗೆ ಒಂದು ಮಳೆ ಬಂದೇ ಬರುತ್ತದೆ. ಅದಕ್ಕೆ ಮುಂಚೆ ನೋಡಬೇಕು ಅನ್ನುವವರು, ಇನ್ನೊಂದು ಮನೆ ಸೇರಿಸಬೇಕು ಅನ್ನುವವರು ಬನ್ನಿ. ಗೇಟಿನ ಬೀಗದ ಕೈ ಎದುರಿನ ಟೀ ಅಂಗಡಿಯಲ್ಲಿದೆ. ಸುಣ್ಣದ ಕಡ್ಡಿ ಒಳಗೆ ಕಟ್ಟೆಯ ಮೇಲೆ ಇಟ್ಟಿದ್ದೇವೆ.