ನಾಯಿ ಇದ್ದವರಿಗೆ ಬಾಡಗಿ ಮನಿ: ಬೆಳಗಾವಿ ಸದಸ್ಯರ ಗಮನಕ್ಕ

ಟಿಳಕವಾಡಿಯೊಳಗ ರೈಲ್ವೆ ಸ್ಟೇಶನ್ ಸನೇಕ ಮನಿ ಹುಡುಕವ್ರು ಫೋನಿನ್ಯಾಗ ಮೊದಲನೇ ಮಾತಿಗೇ 'ನಾಯಿ ಐತ್ರಿ' ಅಂತ ಹೇಳ್ರಿ. ಮುಚ್ಚಿಟ್ಟು ಅಡ್ವಾನ್ಸ್ ಕೊಟ್ಟರ ಆಮ್ಯಾಲೆ ಜಗಳ ಗ್ಯಾರಂಟಿ. ಹೊಸ ಫ್ಲ್ಯಾಟಿಗಿಂತ ಹಿತ್ತಲ ಇರೋ ಹಳೇ ನೆಲಮನಿ ಚಲೋ. ಲಿಫ್ಟಿನ ತಕರಾರಿಲ್ಲ, ಬಾಡಗೀನೂ ಚೌಕಾಸಿಗೆ ಬಗ್ಗತೈತಿ.

ರೇಬೀಸ್ ಲಸಿಕೆ ಕಾರ್ಡ್ ಜೋಡಿ ಒಯ್ರಿ, ವರ್ಷ ಮೀರಿದ್ದರ ಮೊದಲು ಹಾಕಿಸ್ರಿ. 11 ತಿಂಗಳ ಕರಾರಿನೊಳಗ ನಾಯಿಗೆ ಒಪ್ಪಿಗಿ ಐತಿ, ಬಾಗಿಲ ಪರಚಿದರ ಡಿಪಾಜಿಟ್‌ನ್ಯಾಗ ಇಷ್ಟೇ ಮುರಿಯೂದು ಅಂತ ಎರಡೂ ಬರೆಸ್ರಿ. ಬಾಯಿಮಾತು ಮನಿ ಬಿಡೋ ದಿನ ಯಾರಿಗೂ ನೆನಪಿರಂಗಿಲ್ಲ!

ಅಪಾರ್ಟ್‌ಮೆಂಟ್ ಸಂಘ ನಾಯಿ ನಿಷೇಧಿಸುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಐತಿ. ಆದ್ರ ಮಾಲಕರೇ ಒಲ್ಲೆ ಅಂದ್ರ ಅದನ್ನ ತೋರಿಸಿ ಉಪಯೋಗಿಲ್ಲ, ಮುಂದಿನ ಮನಿ ನೋಡ್ರಿ.